ಓದಲು ಬಾರದ ಆಹ್ವಾನ ಪತ್ರಿಕೆ

ಕಳೆದ ವರ್ಷ ನಾವು ಏಳೆಂಟು ಮಂದಿ ಸೇರಿ ದಾವಣಗೆರೆಯ ವಿದ್ಯಾನಗರದಲ್ಲಿ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಬಗ್ಗೆ ಒಂದು ದಿನದ ಸಮ್ಮೇಳನ ನಡೆಸಿದೆವು. ಹೊಸದನ್ನು ಕಟ್ಟುವವರ ಸಭೆಗಳು ಬೇಕಾದಷ್ಟು ನಡೆಯುತ್ತವೆ, ಹಳೆಯದನ್ನು ಕಾಪಾಡಿಕೊಂಡು ಬಂದವರೂ ಒಂದೆಡೆ ಕೂರಲಿ ಎಂಬುದು ನಮ್ಮ ಉದ್ದೇಶವಾಗಿತ್ತು. ಆಹ್ವಾನ ಪತ್ರಿಕೆ ಕಳಿಸಿದ ಮೂರನೆಯ ದಿನ ಹೊನ್ನಾಳಿ ಕಡೆಯ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಅವರಿಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶದ ನೆರವಿನಿಂದ ಕಂಪ್ಯೂಟರ್ ಬಳಸುತ್ತಾರೆ. "ನಿಮ್ಮ ಪತ್ರಿಕೆ ತೆಗೆದ್ರೆ ಪಿ, ಎ, ಪೌಂಡು ಅಂತ ಏನೇನೋ ಒದರ್ತೈತ್ರೀ ಸರ್, ಕನ್ನಡ ಒಂದಕ್ಷರಾನೂ ಇಲ್ಲ" ಎಂದರು.

ತಪ್ಪು ನಮ್ಮದೇ. ಪತ್ರಿಕೆಯನ್ನು ಡಿಟಿಪಿ ಅಂಗಡಿಯೊಂದರಲ್ಲಿ, ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಹಳೆಯ ನುಡಿ ಫಾಂಟ್ ಹಾಕಿಸಿ ಮಾಡಿಸಿ, ಪಿಡಿಎಫ್ ಮಾಡಿ ಹಂಚಿದ್ದೆವು. ಆ ಕಾಲದ ಫಾಂಟ್‌ಗಳಲ್ಲಿ ಕನ್ನಡ ಇರುವುದು ಕಣ್ಣಿಗೆ ಮಾತ್ರ. ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಹಾಗಾಗಿ ನಮಗೆ 'ಕನ್ನಡ' ಎಂದು ಕಾಣುವ ಪದದ ಒಳಗೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಗುರುತು, ಜರ್ಮನ್ನರ ಒಂದು ಅಕ್ಷರ, ಕ್ಯೂ ಇವೇ ಇರುತ್ತವೆ. ಮೇಷ್ಟ್ರ ಕಂಪ್ಯೂಟರ್ ಇದ್ದದ್ದನ್ನು ಇದ್ದಂತೆಯೇ ಓದಿತ್ತು. ಹಳೆಯ ಕನ್ನಡ ಕಡತಗಳನ್ನು, ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಟ್ಟಿರುವ ಯುನಿಕೋಡ್‌ಗೆ ಪರಿವರ್ತಿಸುವ ಒಂದು ಸಣ್ಣ ಮುಕ್ತ ತಂತ್ರಾಂಶವನ್ನು ಹತ್ತಾರು ವರ್ಷಗಳಿಂದ ನೋಡಿಕೊಂಡು ಬಂದ ನಾನೇ ಇಂಥ ಪತ್ರಿಕೆಯನ್ನು ಹಂಚಿದ್ದೆನೆಂಬುದು ಅವತ್ತು ಬಹಳ ಹೊತ್ತು ಕೊರೆಯಿತು.

ಪತ್ರಿಕೆಯನ್ನು ಯುನಿಕೋಡ್‌ನಲ್ಲಿ ಮತ್ತೆ ಬರೆದು ಕಳಿಸಿದ ಮೇಲೆ, ಇನ್ನು ಯಾರ‍್ಯಾರಿಗೆ ಬಾಗಿಲು ಹಾಕಿದ್ದೇವೆಂದು ಹುಡುಕುತ್ತಾ ಕೂತೆವು. ಸಭಾಂಗಣ ಮೊದಲ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ನೆಲಮಹಡಿಯ ಚಿಕ್ಕ ಕೋಣೆಗೆ ಬದಲಾಯಿಸಿಕೊಂಡೆವು. ಬೆಳಿಗ್ಗೆ ಒಂಬತ್ತಕ್ಕೆ ಆರಂಭವೆಂದು ಅಚ್ಚಾಗಿತ್ತು. ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಮೊದಲ ಬಸ್ಸು ಹಿಡಿದು ಬರುವವರಿಗೆ ಅದು ಆಗದ ಮಾತು. ಸಂಜೆ ಏಳರವರೆಗೆ ಎಳೆದರೆ ಹಾಸ್ಟೆಲಿನ ಹೆಣ್ಣುಮಕ್ಕಳು ನಾಲ್ಕೂವರೆಗೇ ಗಡಿಯಾರ ನೋಡತೊಡಗುತ್ತಾರೆ, ಪ್ರಶ್ನೋತ್ತರದ ಹೊತ್ತಿಗೆ ಅವರ ಕುರ್ಚಿಗಳು ಖಾಲಿಯಾಗಿರುತ್ತವೆ. ಆದ್ದರಿಂದ ಹತ್ತೂವರೆಯಿಂದ ನಾಲ್ಕೂವರೆ ಎಂದು ನಿಗದಿ ಮಾಡಿ ಎರಡು ಭಾಷಣಗಳನ್ನು ಕೈಬಿಟ್ಟೆವು. ಕೈಬಿಟ್ಟವು ಬೆಂಗಳೂರಿನಿಂದ ಬರುವ ಗೆಳೆಯರದಾಗಿದ್ದರಿಂದ ಸ್ವಲ್ಪ ಮುನಿಸೂ ಆಯಿತು. ಮಾತೆಲ್ಲ ಕನ್ನಡದಲ್ಲಿ, ಪಾರಿಭಾಷಿಕ ಪದಗಳು ಬಳಕೆಯಲ್ಲಿದ್ದಂತೆ. ತೊಂದರೆಯಾದರೆ ಯಾರಿಗೆ ಹೇಳಬೇಕೆಂಬುದು, ಒಬ್ಬ ಮಹಿಳೆಯ ಹೆಸರೂ ಸೇರಿದಂತೆ, ಪ್ರತಿಯೊಬ್ಬರ ಬ್ಯಾಡ್ಜಿನ ಹಿಂಬದಿಯಲ್ಲಿತ್ತು. (ಊಟದ ಬಗ್ಗೆ ಕೇಳುವವರಿಗೆ: ಬೆಣ್ಣೆ ದೋಸೆಯನ್ನು ಎಂಬತ್ತು ಜನರಿಗೆ ಬಿಸಿಯಾಗಿ ಬಡಿಸುವ ವಿದ್ಯೆ ನಮಗಿಲ್ಲ. ಸಂಜೆಗೆ ಮಂಡಕ್ಕಿ, ಮಿರ್ಚಿ ಇದ್ದವು.)

ಸಮ್ಮೇಳನದ ದಿನ ಹೆಚ್ಚು ಚರ್ಚೆಯಾದದ್ದು, ಹಳೆಯದನ್ನು ಎಲ್ಲಿಯವರೆಗೆ ಹೊತ್ತುಕೊಂಡು ಹೋಗಬೇಕೆಂಬ ಪ್ರಶ್ನೆ. ನಮ್ಮ ಪರಿವರ್ತಕವನ್ನು ಬರೆದದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2ನೇ ಆವೃತ್ತಿಯಲ್ಲಿ. ಅದಕ್ಕೆ 2020ರ ಜನವರಿ 1ಕ್ಕೆ ಅಧಿಕೃತ ಬೆಂಬಲ ನಿಂತಿತು, ನಾವು ಪೈಥಾನ್ 3ಕ್ಕೆ ಬಂದೆವು. ಆದರೆ ಅಶೋಕ ರಸ್ತೆಯ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ವಿಂಡೋಸ್ 7 ಇನ್ನೂ ಓಡುತ್ತಿದೆ. ಅಂಗಡಿಯವರನ್ನು ಸೋಮಾರಿಗಳೆಂದು ಬೈಯುವುದು ಸುಲಭ. ಅವರ ಮದುವೆ ಪತ್ರಿಕೆ, ಬಿಲ್ ಪುಸ್ತಕಗಳ ಇಪ್ಪತ್ತು ವರ್ಷಗಳ ಮಾದರಿಗಳೆಲ್ಲ ಪೇಜ್‌ಮೇಕರ್‌ನಲ್ಲಿವೆ, ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿಲ್ಲ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ 3.8. ಅದಕ್ಕೂ 2024ರಲ್ಲಿ ಬೆಂಬಲ ಮುಗಿದಿದೆ. ಮೇಷ್ಟ್ರು ಬಳಸುವ ಎನ್‌ವಿಡಿಎ ಕೂಡ, ಸ್ವತಃ ಕಣ್ಣು ಕಾಣದ ಮೈಕೆಲ್ ಕರ್ರನ್ 2006ರಲ್ಲಿ ಆರಂಭಿಸಿದ, ಬಹುಪಾಲು ಪೈಥಾನ್‌ನಲ್ಲಿಯೇ ಬರೆದ ಮುಕ್ತ ತಂತ್ರಾಂಶ, 2024.1ರ ಆವೃತ್ತಿಯಿಂದ ವಿಂಡೋಸ್ 7ನ್ನು ಕೈಬಿಟ್ಟಿತು. ಅಷ್ಟು ಕಾಳಜಿಯ ಯೋಜನೆಯೂ ಒಂದು ಕಡೆ ನಿಲ್ಲಲೇಬೇಕಾಯಿತು ಎಂಬುದನ್ನು ನಾನು ಒಪ್ಪುತ್ತೇನೆ. ನಮ್ಮದು ಇಂಟರ್ನೆಟ್ ಇಲ್ಲದೆಯೂ ನಡೆಯುವ ಸಣ್ಣ ಸಾಧನ, ಅಪಾಯ ಕಡಿಮೆ. ಆದ್ದರಿಂದ 3.8ರಲ್ಲಿ ಓಡುವ ಪರಿವರ್ತಕದ ಒಂದು ಪ್ರತಿಯನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದೆಂದು ತೀರ್ಮಾನಿಸಿದೆವು.

ಮಧ್ಯಾಹ್ನ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ನನ್ನ ಪಕ್ಕದಲ್ಲಿ ಕೂತು ಕೋಡ್ ಓದುತ್ತಾ, "ಸರ್, ಈ ಸಾಲು ತಪ್ಪಲ್ವಾ? ಅಕ್ಷರಕ್ಕೆ ಅಂಟಿಕೊಂಡು ಒಂಬತ್ತು ಬಂದರೆ ಅರ್ಕಾವತ್ತು ಅಂತಿದೆ" ಎಂದಳು. ನೋಡಿದವರಿಗೆ ತಪ್ಪೇ ಅನ್ನಿಸುತ್ತದೆ. ಅರ್ಕಾವತ್ತು ಹೊಡೆಯಲು ಗೊತ್ತಿಲ್ಲದ ಎಷ್ಟೋ ಮಂದಿ ಅದರಂತೆಯೇ ಕಾಣುವ ಕನ್ನಡದ ೯ನ್ನು ಒತ್ತಿಬಿಡುತ್ತಾರೆ. ಚಿತ್ರದುರ್ಗ ಎಂಬುದು ಸಾವಿರಾರು ಕಡತಗಳಲ್ಲಿ 'ಚಿತ್ರದುಗ೯' ಎಂದೇ ಕೂತಿದೆ. ಸರಿಯಾಗಿ ಹೊಡೆದಾಗಲೂ ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಗ ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಉಚ್ಚಾರದಂತೆ ರ್ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಎತ್ತಿಡುವುದೇ ಪರಿವರ್ತಕದ ಕಷ್ಟದ ಕೆಲಸಗಳಲ್ಲೊಂದು. ಕೆಲವು ವರ್ಷಗಳ ಹಿಂದೆ ಉತ್ಸಾಹಿ ಸ್ವಯಂಸೇವಕರೊಬ್ಬರು ಈ ಒಂಬತ್ತಿನ ಸಾಲನ್ನು ಅನಗತ್ಯವೆಂದು ಅಳಿಸಿದ್ದರು, ನಾನೂ ಯೋಚಿಸದೆ ಒಪ್ಪಿದ್ದೆ. ವಾರದೊಳಗೆ ದುರ್ಗದಿಂದ ಮೂರು ಅಂಗಡಿಯವರ ಫೋನ್ ಬಂದಿತ್ತು.

ಇದನ್ನೆಲ್ಲ ಕೇಳಿದ ಹುಡುಗಿ, "ಹಾಗಾದ್ರೆ ಇಲ್ಲಿ ಬರೆದಿಡಬೇಕಿತ್ತಲ್ವಾ ಸರ್" ಎಂದಳು. ಬರೆದಿಟ್ಟಿರಲಿಲ್ಲ. ಅವಳೇ ಆ ಸಾಲಿನ ಮೇಲೆ ಕನ್ನಡದಲ್ಲಿ ಒಂದು ಟಿಪ್ಪಣಿ ಸೇರಿಸಿದಳು, ಪರಿವರ್ತಕಕ್ಕೆ ಅವಳ ಮೊದಲ ಕೊಡುಗೆ ಅದು: "ತೆಗೆಯಬೇಡಿ. ದುರ್ಗದವರು ಫೋನ್ ಮಾಡುತ್ತಾರೆ." ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ತಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ಎನ್‌ವಿಡಿಎಯಿಂದ ಓದಿಸಿಕೊಂಡು ನಕ್ಕರು.