ಕೊಬ್ಬರಿ ಮಂಡಿ ತಕ್ಕಡಿ ಮೇಲೆ ನಮ್ಮ ವಿಮಾನ

ತಿಪಟೂರು ಹತ್ರ ನಮ್ಮ ಸೋದರಮಾವನ ತೋಟದಲ್ಲಿ ಒಂದು ಶೆಡ್ ಇದೆ, ಮೇಲೆ ಅಟ್ಟದ ತುಂಬಾ ಕೊಬ್ಬರಿಗೆ ಬಿಟ್ಟಿರೋ ಕಾಯಿ, ಕೆಳಗೆ ಎರಡು ವರ್ಷದಿಂದ ನಾವು ಕಿಟ್ ತರಿಸಿ ಜೋಡಿಸ್ತಿರೋ ಒಬ್ಬರೇ ಕೂರೋ ಅಲ್ಟ್ರಾಲೈಟ್, ಅಂದ್ರೆ ತೀರಾ ಹಗುರದ ವಿಮಾನ. ಮಾವ ಏರ್‌ಫೋರ್ಸಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿ ರಿಟೈರ್ ಆದವ್ರು. ನಾನು ತುಮಕೂರಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡೋನು, ಶನಿವಾರ ಸಾಯಂಕಾಲ ಬಸ್ ಹತ್ತಿ ಹೋಗಿ ಸೋಮವಾರ ಬೆಳಿಗ್ಗೆ ವಾಪಸ್. ಅಲ್ಯೂಮಿನಿಯಂ ಟ್ಯೂಬಿನ ಫ್ರೇಮು, ರೆಕ್ಕೆಗೆ ಪಾಲಿಯೆಸ್ಟರ್ ಬಟ್ಟೆ, ಆ ಬಟ್ಟೆನ ಅಂಟಿಸಿ ಅತ್ತೆ ಇಸ್ತ್ರಿ ಪೆಟ್ಟಿಗೆಲೇ ಕಾಯಿಸಿ ಬಿಗಿ ಮಾಡಿದ್ವಿ, ಬಿಸಿ ತಾಗಿದ ಹಾಗೆ ಅದು ತಮಟೆ ಥರ ಬಿಗಿಯಾಗೋದು ನೋಡೋಕೇ ಖುಷಿ.

ಈಗ ಹೇಳ್ತಿರೋದು ಅದನ್ನ ತೂಕ ಹಾಕಿದ ಭಾನುವಾರದ ಕಥೆ.

ಮಾವ ಗುರುತಿನ ಮಂಡಿಯವ್ರ ಹತ್ರ ಮೂರು ಎಲೆಕ್ಟ್ರಾನಿಕ್ ತಕ್ಕಡಿ ಕೇಳ್ಕೊಂಡು ಬಂದಿದ್ರು, ಸೋಮವಾರ ಬೆಳಿಗ್ಗೆ ಆರಕ್ಕೆ ವಾಪಸ್ ಕೊಡ್ಬೇಕು ಅನ್ನೋ ಮಾತಿನ ಮೇಲೆ. ಎರಡು ಮುಂದಿನ ಚಕ್ರಕ್ಕೆ, ಒಂದು ಬಾಲದ ಚಕ್ರಕ್ಕೆ. ನಮ್ದು ಬಾಲ ನೆಲಕ್ಕೆ ಕೂರೋ ವಿಮಾನ, ಅದಕ್ಕೆ ಹಿಂದೆ ಮೇಜು ಇಟ್ಟು, ಅದರ ಮೇಲೆ ತಕ್ಕಡಿ ಇಟ್ಟು, ಹಾರುವಾಗ ಹೆಂಗಿರುತ್ತೋ ಹಂಗೆ ಮಟ್ಟ ಮಾಡ್ಬೇಕು. ಗಾರೆಯವ್ರು ಮಟ್ಟ ನೋಡೋ ನೀರಿನ ಪೈಪಲ್ಲೇ ಮಟ್ಟ ನೋಡಿದ್ವಿ, ರೆಕ್ಕೆ ಮುಂದಿನ ಅಂಚಿಂದ ದಾರಕ್ಕೆ ಗುಂಡು ಕಟ್ಟಿ ನೆಲದ ಮೇಲೆ ಸೀಮೆಸುಣ್ಣದ ಗೀಟು ಹಾಕಿದ್ವಿ. ಗಾಳಿ ಬಂದ್ರೆ ರೆಕ್ಕೆ ಎತ್ತಿ ತೂಕ ಸುಳ್ಳು ತೋರ್ಸುತ್ತೆ ಅಂತ ಬಾಗಿಲು ಪೂರ್ತಿ ಮುಚ್ಚಿದ್ವಿ, ಒಳಗೆ ಬೆಂದು ಹೋದ್ವಿ.

ನಾನು ಸೀಟಲ್ಲಿ ಕೂತೆ, ಮಾವ ಓದಿದ್ರು. ಎಡಕ್ಕೆ 82, ಬಲಕ್ಕೆ 83, ಬಾಲ 15. ಒಟ್ಟು 180 ಕೆಜಿ, ನನ್ನ 65 ಕಳೆದ್ರೆ ಟ್ಯಾಂಕ್ ಖಾಲಿ ಇರೋ ವಿಮಾನ 115. ನಾನು ಖುಷಿಯಾದೆ, ಯಾಕಂದ್ರೆ ಅಮೆರಿಕದಲ್ಲಿ 1982ರಲ್ಲಿ ಬಂದ ಅಲ್ಟ್ರಾಲೈಟ್ ರೂಲಲ್ಲಿ ಖಾಲಿ ತೂಕ 254 ಪೌಂಡ್ ಒಳಗಿರ್ಬೇಕು ಅಂತಿದೆ, ಅಂದ್ರೆ ಹೆಚ್ಚುಕಮ್ಮಿ ಇದೇ 115 ಕೆಜಿ, ನಮ್ಮ ಕಿಟ್ಟಿನ ಡಿಸೈನ್ ಮಾಡಿರೋದೇ ಆ ಲೆಕ್ಕಕ್ಕೆ.

ಮಾವ ಖುಷಿಯಾಗ್ಲಿಲ್ಲ. "ತೂಕ ಎಷ್ಟು ಅನ್ನೋದು ಆಮೇಲೆ ಕಣ್ಲಾ, ಅದು ಎಲ್ಲಿ ಕೂತೈತೆ ನೋಡು" ಅಂದು ನೋಟ್‌ಬುಕ್ ತೆಗೆದ್ರು.

ಮುಂದಿನ ಚಕ್ರ ಗೀಟಿಂದ 10 ಸೆಂಟಿಮೀಟರ್ ಹಿಂದೆ, ಬಾಲದ ಚಕ್ರ 410 ಸೆಂಟಿಮೀಟರ್ ಹಿಂದೆ. 165ನ್ನ ಹತ್ತರಿಂದ, 15ನ್ನ 410ರಿಂದ ಗುಣಿಸಿ ಎರಡೂ ಕೂಡಿ 180ರಿಂದ ಭಾಗಿಸಿದ್ರೆ 43.3, ಅಂದ್ರೆ ಒಟ್ಟು ತೂಕದ ಮಧ್ಯಬಿಂದು ಗೀಟಿಂದ ಅಷ್ಟು ಸೆಂಟಿಮೀಟರ್ ಹಿಂದೆ. ನಮ್ಮ ರೆಕ್ಕೆ ಅಗಲ ಮುಂದಿನ ಅಂಚಿಂದ ಹಿಂದಿನ ಅಂಚಿಗೆ 140, ಈ ಮಧ್ಯಬಿಂದು ಅದರ 20ರಿಂದ 30 ಪರ್ಸೆಂಟ್ ಒಳಗೆ, ಅಂದ್ರೆ 28ರಿಂದ 42 ಸೆಂಟಿಮೀಟರ್ ಒಳಗೆ ಇರ್ಬೇಕು ಅಂತ ಪ್ಲಾನಲ್ಲಿದೆ. ಒಂದೂಕಾಲು ಸೆಂಟಿಮೀಟರ್ ಆಚೆ, ಒಂದು ಬೆರಳಿನಗಲ. ಅಷ್ಟೇ ತಾನೇ ಅಂದೆ. ಮಾವ ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ಬಾಲ ಭಾರವಾದ ವಿಮಾನ ಮೂತಿ ಮೇಲೆತ್ತುತ್ತೆ, ಸ್ಪೀಡ್ ಬೀಳುತ್ತೆ, ಸ್ಟಾಲ್ ಆದ್ಮೇಲೆ, ಅಂದ್ರೆ ರೆಕ್ಕೆ ಎತ್ತಿ ಹಿಡಿಯೋ ಶಕ್ತಿ ಕಳ್ಕೊಂಡ್ಮೇಲೆ, ಕಂಟ್ರೋಲ್ ಕಡ್ಡಿ ಪೂರ್ತಿ ಮುಂದೆ ಒತ್ತಿದ್ರೂ ಮೂತಿ ಕೆಳಗೆ ಬರದೇ ಇರಬಹುದು. ಪಕ್ಕದಲ್ಲಿ ಇನ್ನೊಬ್ಬ ಇರಲ್ಲ, ಆ ಸೀಟಲ್ಲಿ ಕೂರೋನು ನಾನೇ.

ಹೆಚ್ಚಿನ ತೂಕ ಬಂದಿದ್ದು ನನ್ನಿಂದಲೇ. ಕಿಟ್ ಜೊತೆ ಬಂದ ಬಾಲದ ಚಕ್ರ ತೋಟದ ಕಲ್ಲು ನೆಲಕ್ಕೆ ತಡೆಯಲ್ಲ ಅಂತ ನಾನೇ ಲೇತಲ್ಲಿ ಕೆಲಸ ಮಾಡಿ ಕಬ್ಬಿಣದ ಫೋರ್ಕ್ ಹಾಕಿ ಗಟ್ಟಿ ಚಕ್ರ ಮಾಡಿದ್ದೆ. ಅದರದ್ದು ಒಂದು ಕೆಜಿ, ನಂದು ಎರಡೂವರೆ. ಮೂತಿಗೆ ಸೀಸ ಕಟ್ಟಿದ್ರೆ ಆಗಲ್ವಾ ಮಾವ ಅಂದೆ. ಲೆಕ್ಕ ಹಾಕಿ ತೋರ್ಸಿದ್ರು: ಬಾಲದ ಒಂದೂವರೆ ಕೆಜಿ ಸರಿದೂಗಿಸೋಕೆ ಇಂಜಿನ್ ಹತ್ರ ಸುಮಾರು ಐದು ಕೆಜಿ ಸೀಸ ಬೇಕು! 40 ಎಚ್‌ಪಿ ಟು ಸ್ಟ್ರೋಕ್ ಇಂಜಿನ್ ಸುಮ್‌ಸುಮ್ನೆ ಐದು ಕೆಜಿ ಹೊತ್ಕೊಂಡು ಏರ್ಬೇಕು. ಪೆಟ್ರೋಲ್ ಟ್ಯಾಂಕ್‌ನ ರೆಕ್ಕೆ ಕೆಳಗೇ, ತೂಕದ ಮಧ್ಯಬಿಂದು ಹತ್ರಾನೇ ಯಾಕೆ ಇಟ್ಟಿದಾರೆ, 19 ಲೀಟರ್ ಖರ್ಚಾದ್ರೂ ಬ್ಯಾಲೆನ್ಸ್ ಯಾಕೆ ಹೆಚ್ಚು ಜರುಗಲ್ಲ ಅನ್ನೋದೆಲ್ಲ ನನಗೆ ಅವತ್ತೇ ತಲೆಗೆ ಹತ್ತಿದ್ದು. ಎರಡು ವರ್ಷ ಬರೀ ಬೋಲ್ಟು ರಿವೆಟ್ಟು ನೋಡಿದ್ದೆ, ಡಿಸೈನ್ ನೋಡಿರ್ಲಿಲ್ಲ.

ಅಟ್ಟ ಹತ್ತಿ ಕಾಯಿ ರಾಶಿ ಪಕ್ಕದಲ್ಲಿದ್ದ ಡಬ್ಬದಿಂದ ಹಳೇ ಚಕ್ರ ಇಳಿಸಿ ಹಾಕಿದೆ, 40.2ಕ್ಕೆ ಬಂತು. ಒಳಗೆ ಬಂತಲ್ಲ ಸಾಕು ಅಂದ್ರೆ ಮಾವ ಬಿಡ್ಲಿಲ್ಲ. ಸೀಟಿನ ಹಿಂದೆ ಕಟ್ಟಿದ್ದ ಮೂರು ಕೆಜಿ ಬ್ಯಾಟರಿ ಬಿಚ್ಚಿಸಿ 180 ಸೆಂಟಿಮೀಟರ್ ಮುಂದೆ, ಇಂಜಿನ್ ಹತ್ರ ಕ್ಲ್ಯಾಂಪ್ ಹಾಕ್ಸಿದ್ರು. ವೈರ್ ಉದ್ದ ಮಾಡೋದ್ರಲ್ಲೇ ರಾತ್ರಿ ಒಂಬತ್ತಾಯ್ತು, ಅತ್ತೆ ಮೂರು ಸಲ ಊಟಕ್ಕೆ ಕರೆದ್ರು.

ಮತ್ತೆ ಮಟ್ಟ ಮಾಡಿ, ಮತ್ತೆ ಕೂತು, ಮತ್ತೆ ತೂಗಿದ್ವಿ. 37.2.

ವಿಮಾನಗಳಿಗೆ ಪರ್ಮಿಶನ್ ಕೊಡೋ ಸರ್ಕಾರಿ ಇಲಾಖೆ ಡಿಜಿಸಿಎ, ಅದರ ಪೇಪರ್ ಕೆಲಸ ಮುಗಿಯೋವರ್ಗೂ ಅದು ನೆಲ ಬಿಡಲ್ಲ, ಅದೇನೂ ಬೇಜಾರಿಲ್ಲ. ಮಾವ ನೋಟ್‌ಬುಕ್ಕಲ್ಲಿ ಆ ಅಂಕಿ ಬರೆದು, ಕೆಳಗೆ ತಾರೀಕು ಹಾಕಿ, ತಾವು ಸೈನ್ ಮಾಡಿ ನನ್ ಕೈಲೂ ಮಾಡ್ಸಿದ್ರು. ಬೆಳಿಗ್ಗೆ ಐದೂವರೆಗೆ ತಕ್ಕಡಿಗಳನ್ನ ಒರೆಸಿ ಲಗೇಜ್ ಆಟೋಗೆ ಹಾಕ್ಕೊಂಡು ಮಂಡಿಗೆ ಹೊರಟ್ವಿ.