ಕಸೂತಿಯಲ್ಲಿ ಲಿವರ್: ಮೂರನೇ ವಾರ

ಹೋದ ವಾರ ಹಾಕಿದ್ದರಲ್ಲಿ ಅರ್ಧ ಬಿಚ್ಚಿದ್ದಾಯ್ತು.

ಬಿಳಿ ಮ್ಯಾಟಿ ಬಟ್ಟೆ, ನಾಲ್ಕು ಚೌಕ. ಮೊದಲನೆಯದು ಆರೋಗ್ಯವಾಗಿರುವ ಲಿವರ್, ಕೊನೆಯದು ಸಿರೋಸಿಸ್, ಅಂದ್ರೆ ಗಾಯದ ಕಲೆ ತುಂಬಿ ಗಟ್ಟಿಯಾದ ಲಿವರ್. ಪುಸ್ತಕದ ಚಿತ್ರ ನೋಡಿಕೊಂಡು ಮೊದಲ ಚೌಕದಲ್ಲಿ ಆರು ಮೂಲೆಯ ಮನೆಗಳನ್ನು, ಅಂದ್ರೆ ಲಿವರ್‌ನ ಪುಟ್ಟ ಪುಟ್ಟ ಘಟಕಗಳನ್ನು, ಹಾಕಿದ್ದೆ. ನಡುವೆ ರಕ್ತನಾಳ, ಸುತ್ತ ಗೋಡೆಗೆ ಕೆಂಪು ದಾರದ ಗವಂತಿ (ಹೋಗಿ ಬಂದು ತುಂಬುವ ಗೆರೆ ಹೊಲಿಗೆ). ಚೆನ್ನಾಗಿಯೇ ಬಂದಿತ್ತು. ಭಾನುವಾರ ಹುಬ್ಬಳ್ಳಿಯಿಂದ ಅಕ್ಕನ ಮಗಳು ಬಂದಳು. ಮೆಡಿಕಲ್ ಓದುತ್ತಾಳೆ. ನೋಡಿ ಒಂದೇ ನಗು.

"ಚಿಗವ್ವ, ಇದು ಹಂದಿ ಲಿವರ್ ಆತು ನೋಡು!"

ಹಂದಿಯ ಲಿವರ್‌ನಲ್ಲಿ ಆ ಗೋಡೆಗಳು ಎದ್ದು ಕಾಣುತ್ತವಂತೆ. ಮನುಷ್ಯರದ್ದು ಚೆನ್ನಾಗಿದ್ದರೆ ಗೋಡೆ ಕಾಣುವುದೇ ಕಷ್ಟ. ಗೆರೆ ದಪ್ಪ ಆಯ್ತು ಅಂದ್ರೆ ಕಾಯಿಲೆ ಶುರುವಾಗಿದೆ ಅಂತಲೇ. ನನ್ನ ಆರೋಗ್ಯದ ಚೌಕವೇ ರೋಗಿಷ್ಟ! ಕಸೂತಿಯಲ್ಲಿ ಗಂಟು ಇರುವುದಿಲ್ಲ, ಹಾಗಾಗಿ ದಾರ ಸಲೀಸಾಗಿ ಬಂತು. ಕಣ್ಣು ಮಾತ್ರ ಸೋತವು.

ಈ ವಾರದ ತಲೆನೋವು ಆಸ್ಟಿಯೊಪಾಂಟಿನ್. ಎಲುಬಿನಲ್ಲಿ ಸಿಗುವ ಪ್ರೋಟೀನ್ ಇದು, ಹೆಸರಿನ ಅರ್ಥವೂ ಎಲುಬಿನ ಸೇತುವೆ. ಜೀವಕೋಶಗಳು ಇದನ್ನು ತಯಾರಿಸಿ ಹೊರಗೆ ಬಿಡುತ್ತವೆ. ಹೆಪಟೈಟಿಸ್ (ಲಿವರ್ ಉರಿಯೂತ), ಕುಡಿತ, ಕೊಬ್ಬು ಅಂತ ವರ್ಷಗಟ್ಟಲೆ ಪೆಟ್ಟು ತಿಂದ ಲಿವರ್‌ನಲ್ಲಿ ಜಾಸ್ತಿಯಾಗುತ್ತದೆ. ಅಲ್ಲಿ ಸ್ಟೆಲೇಟ್ ಕೋಶಗಳಿವೆ. ಒಳ್ಳೆಯ ದಿನಗಳಲ್ಲಿ ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ನೆ ಇರುತ್ತವೆ. ಪೆಟ್ಟು ಬಿದ್ದರೆ ಎಚ್ಚರಾಗಿ ಕೊಲಾಜನ್ ಎಳೆ, ಅಂದ್ರೆ ಗಾಯದ ಕಲೆ ಕಟ್ಟುವ ಪ್ರೋಟೀನ್ ನಾರು, ಬಿಡತೊಡಗುತ್ತವೆ. ಅವುಗಳ ಮೈಮೇಲೆ ಇಂಟೆಗ್ರಿನ್ ಎಂಬ ಕೊಂಡಿಗಳಿವೆ. ಆಸ್ಟಿಯೊಪಾಂಟಿನ್ ಬಂದು ಅದಕ್ಕೆ ಕಚ್ಚಿಕೊಂಡರೆ ಎಳೆ ಇನ್ನೂ ಜಾಸ್ತಿ. ತಮಾಷೆ ಅಂದ್ರೆ, ಎಚ್ಚರಾದ ಆ ಕೋಶಗಳೇ ಮತ್ತಷ್ಟು ಆಸ್ಟಿಯೊಪಾಂಟಿನ್ ಬಿಡುತ್ತವೆ.

ಇದನ್ನು ಗೆರೆಯಾಗಿ ಹಾಕಿದರೆ ಸುಳ್ಳಾಗುತ್ತದೆ, ಅಲ್ವಾ? ಗೆರೆ ಕೊಲಾಜನ್‌ದು. ಅದಕ್ಕೆ ಗವಂತಿ, ಮತ್ತೆ ಮೆಟ್ಟಿಲಿನಂತೆ ಸಾಗುವ ಮುರಗಿ. ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಆಸ್ಟಿಯೊಪಾಂಟಿನ್‌ಗೆ ಅರಿಶಿನ ಬಣ್ಣದ ಮೆಂತೆ ಹೊಲಿಗೆ, ಅಂದ್ರೆ ಪುಟ್ಟ ಕತ್ತರಿ ಹೊಲಿಗೆ. ಒಂದೊಂದೇ ಕಾಳು, ಸ್ಟೆಲೇಟ್ ಕೋಶದ ಸುತ್ತ. ಸ್ವಲ್ಪ ರಕ್ತಕ್ಕೂ ಸೇರುತ್ತದೆ, ಹಾಗಾಗಿ ನಾಳದೊಳಗೂ ಮೂರು ಕಾಳು ಇಟ್ಟೆ. ಆದರೆ ಬೇರೆ ಕಾಯಿಲೆಗಳಲ್ಲೂ ರಕ್ತದಲ್ಲಿ ಏರುತ್ತದೆ. ಇದೊಂದನ್ನೇ ನೋಡಿ ಲಿವರ್‌ದೇ ತೊಂದರೆ ಅನ್ನಲಾಗದು.

ಎರಡನೇ ಚೌಕದ ಗಾಯ ಎಲ್ಲಿಂದ ಶುರು ಮಾಡಲಿ? ಕುಡಿತ, ಕೊಬ್ಬಿನ ಲಿವರ್ ಆದರೆ ಸಾಮಾನ್ಯವಾಗಿ ನಡುವಿನ ನಾಳದ ಸುತ್ತ. ವೈರಸ್ ಹೆಪಟೈಟಿಸ್ ಆದರೆ ಮೂಲೆಗಳಿಂದ. ಮೂಲೆಯೇ ಇರಲಿ ಅಂದುಕೊಂಡೆ, ಎಣಿಸಲು ಸುಲಭ.

ಈವರೆಗೆ 41 ಮೆಂತೆ. ಅರಿಶಿನ ದಾರ ಮುಗಿದಿದೆ. ನಾಳೆ ಸುಭಾಷ್ ರಸ್ತೆಗೆ ಹೋಗಬೇಕು.