ಆರ್ಡರ್ ಕೊಟ್ಟಿದ್ದೂ ಸರ್ಕಾರ, ನಿಲ್ಸಿದ್ದೂ ಸರ್ಕಾರ

ಮೊನ್ನೆ ಗೆಳೆಯನೊಬ್ಬನ ಜೊತೆ ಫೋನಲ್ಲಿ ಸುಮಾರು ಹೊತ್ತು ವಾದ ಆಯ್ತು. ರಕ್ಷಣಾ ಖರ್ಚು ಕಮ್ಮಿ ಮಾಡಿದ್ರೆ ಫ್ಯಾಕ್ಟರಿಗಳಲ್ಲಿ ಕೆಲಸ ಹೋಗೋದು ಸಹಜ, ಜನ ಟೈಪ್‌ರೈಟರ್ ತಗೊಳ್ಳೋದು ಬಿಟ್ಮೇಲೆ ಆ ಫ್ಯಾಕ್ಟರಿಗಳೂ ಮುಚ್ಚಿದ್ವಲ್ಲ, ಆಗ ಯಾರಾದ್ರೂ ಸರ್ಕಾರನ ಕೇಳಿದ್ರಾ ಅಂತ ಅವನ ಪ್ರಶ್ನೆ. ಫೋನ್ ಇಟ್ಟಮೇಲೂ ತಲೇಲಿ ಅದೇ ಓಡ್ತಿತ್ತು, ಅದಕ್ಕೇ ಬರೀತಿದೀನಿ.

ಟೈಪ್‌ರೈಟರ್ ಬಿಟ್ಟೋರು ಲಕ್ಷಾಂತರ ಜನ, ಅವರವರ ಪಾಡಿಗೆ ಅವರು ಬಿಟ್ರು. ಸಬ್‌ಮರೀನಿಗೆ ಗಿರಾಕಿ ಒಬ್ಬನೇ. ಎಂಥದ್ದು ಬೇಕು, ಎಷ್ಟು ಬೇಕು, ಯಾವಾಗ ಬೇಕು ಅನ್ನೋದೆಲ್ಲ ಸರ್ಕಾರ ಹೇಳಿದ ಹಾಗೆ, ಬೇರೆ ದೇಶಕ್ಕೆ ಮಾರೋಣ ಅಂದ್ರೂ ಅದೇ ಸರ್ಕಾರದ ಲೈಸೆನ್ಸ್ ಬೇಕು, ಕೆಲಸದವನು ಇಪ್ಪತ್ತು ವರ್ಷ ಕೂತು ಕಲಿತಿರೋ ವಿದ್ಯೆ ಎಷ್ಟೋ ಸಲ ಆ ಗೇಟಿನಾಚೆ ಯಾರಿಗೂ ಬೇಕಾಗಿರಲ್ಲ. ಅಂಥಾ ಗಿರಾಕಿ ಒಂದಿನ ಸಾಕು ಅಂದುಬಿಟ್ರೆ ಅದನ್ನ ಮಾರ್ಕೆಟ್ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ಅದು ಸರ್ಕಾರ ತಗೊಂಡ ನಿರ್ಧಾರ, ಅಷ್ಟೇ.

ಹಾಗಂತ ಕಡಿತನೇ ತಪ್ಪು ಅಂತ ಹೇಳ್ತಿಲ್ಲ, ಶೀತಲ ಸಮರ ಮುಗಿದಾಗ ಖರ್ಚು ಇಳಿಸಿದ್ದು ಒಳ್ಳೇದೇ ಆಯ್ತು. ಆದ್ರೆ ಅದರ ಬೆಲೆ ತೆತ್ತಿದ್ದು ಯಾರು?

ಇಂಗ್ಲೆಂಡಿನ ಬ್ಯಾರೋ-ಇನ್-ಫರ್ನೆಸ್ ನೋಡಿ, ಇಡೀ ಊರೇ ಒಂದು ಶಿಪ್‌ಯಾರ್ಡನ್ನ ನಂಬಿಕೊಂಡಿದ್ದ ಜಾಗ. ಟ್ರೈಡೆಂಟ್ ಕ್ಷಿಪಣಿ ಹೊರೋ ವ್ಯಾನ್‌ಗಾರ್ಡ್ ಸಬ್‌ಮರೀನ್ ನಾಲ್ಕನ್ನೂ ಕಟ್ಟಿದ್ದು ಅಲ್ಲೇ. 1990ರ ಜುಲೈನಲ್ಲಿ ಆಗಿನ ರಕ್ಷಣಾ ಮಂತ್ರಿ ಟಾಮ್ ಕಿಂಗ್ ಸೇನೆ ಚಿಕ್ಕದು ಮಾಡೋ ಯೋಜನೆ ಹೇಳಿದ್ರು. ಆ ವರ್ಷ ಯಾರ್ಡಲ್ಲಿ ಸುಮಾರು 14,500 ಜನ ಇದ್ರು, 1995ರ ಹೊತ್ತಿಗೆ ಉಳಿದಿದ್ದು 5,800 ಚಿಲ್ಲರೆ. ಐದೇ ವರ್ಷ! ಅಷ್ಟು ಸಂಬಳ ಒಂದು ಊರಿಂದ ಒಟ್ಟಿಗೆ ಮಾಯ ಆದ್ರೆ ಯಾರ್ಡಿನ ಮುಖನೇ ನೋಡದ ಅಂಗಡಿಯವನೂ ಬಾಗಿಲು ಹಾಕ್ಬೇಕಾಗುತ್ತೆ.

ಅಮೆರಿಕದ್ದು ಇನ್ನೊಂದು ಥರ. ಅಲ್ಲಿ ರಕ್ಷಣಾ ಕಾಂಟ್ರಾಕ್ಟ್‌ಗಳಲ್ಲಿ ಒಂದು ಷರತ್ತು ಇರುತ್ತೆ, ಸರ್ಕಾರ ತನಗೆ ಬೇಡ ಅನ್ನಿಸಿದಾಗ ಕಾಂಟ್ರಾಕ್ಟ್ ನಿಲ್ಲಿಸಬಹುದು, ಆದ್ರೆ ಅಲ್ಲೀವರೆಗೆ ಆದ ಖರ್ಚು ಮತ್ತೆ ಮಾಡಿರೋ ಕೆಲಸಕ್ಕೆ ನ್ಯಾಯವಾದ ಲಾಭ ಕಂಪನಿಗೆ ಕೊಡ್ಬೇಕು. ನೋಡಿ, ಕಂಪನಿಯ ವಿಷಯ ಬಂದಾಗ ಸರ್ಕಾರ ತನ್ನ ಜವಾಬ್ದಾರಿ ಒಪ್ಪಿಕೊಂಡು ಮೊದಲೇ ಬರೆದಿಟ್ಟಿದೆ! 1991ರ ಜನವರಿಯಲ್ಲಿ ಅಲ್ಲಿನ ಆಗಿನ ರಕ್ಷಣಾ ಮಂತ್ರಿ ಡಿಕ್ ಚೇನಿ ಎ-12 ಅನ್ನೋ ಯುದ್ಧವಿಮಾನದ ಯೋಜನೆ ರದ್ದು ಮಾಡಿದ್ರು, ಸಾವಿರಾರು ಜನರ ಕೆಲಸ ಹೋಯ್ತು. ತಪ್ಪು ಕಂಪನಿಗಳದ್ದು, ಹಾಗಾಗಿ ಆ ಷರತ್ತಿನ ದುಡ್ಡು ಕೊಡಲ್ಲ ಅಂತ ಸರ್ಕಾರ, ಕೊಡ್ಲೇಬೇಕು ಅಂತ ಕಂಪನಿಗಳು, ಕೇಸು 2014ರವರೆಗೂ ಎಳೀತು. ಇಪ್ಪತ್ಮೂರು ವರ್ಷ ಜಗಳ ಆಡೋಕೆ ಕಂಪನಿ ಕೈಯಲ್ಲಿ ಒಂದು ಕಾಗದ ಇತ್ತು, ಕೆಲಸ ಕಳ್ಕೊಂಡ ಮನುಷ್ಯನ ಕೈಯಲ್ಲಿ ಅಂಥಾ ಯಾವ ಕಾಗದನೂ ಇರ್ಲಿಲ್ಲ. ದೊಡ್ಡ ಲೇಆಫ್ ಮಾಡೋ ಮುಂಚೆ 60 ದಿನದ ನೋಟಿಸ್ ಕೊಡ್ಬೇಕು ಅಂತ 1988ರ ಕಾನೂನು ಇದೆ, ಸರಿ, ಆದ್ರೆ ಎರಡು ತಿಂಗಳಲ್ಲಿ ಐವತ್ತು ವಯಸ್ಸಿನವನು ಹೊಸ ಕಸುಬು ಕಲಿಯೋಕಾಗುತ್ತಾ?

ಆಮೇಲೆ ನೆರವಿನ ಸ್ಕೀಮ್‌ಗಳೂ ಬಂದ್ವು. ಯುರೋಪಲ್ಲಿ 1993ರಲ್ಲಿ ರಕ್ಷಣಾ ಉದ್ಯಮ ನಂಬಿಕೊಂಡಿದ್ದ ಊರುಗಳಿಗೆ ನೆರವಾಗೋ ಕಾನ್ವರ್ ಅನ್ನೋ ಸ್ಕೀಮ್ ಶುರುವಾಯ್ತು, ಅಮೆರಿಕದಲ್ಲೂ ಅಧ್ಯಕ್ಷ ಕ್ಲಿಂಟನ್ ಅದೇ ವರ್ಷ ದೊಡ್ಡ ಪ್ಯಾಕೇಜ್ ಘೋಷಿಸಿದ್ರು. ಇಲ್ಲ ಅನ್ನಲ್ಲ, ಆದ್ರೆ ಎರಡೂ ಬರೋ ಹೊತ್ತಿಗೆ ಎಷ್ಟೋ ಜನ ಗೇಟ್ ದಾಟಿ ಮನೆ ಸೇರಿ ಆಗಿತ್ತು. ನನ್ನ ಪ್ರಕಾರ ಕಡಿತದ ಆದೇಶ ಹೊರಡೋ ದಿನನೇ ಕೆಲಸಗಾರರ ಸಂಬಳಕ್ಕೆ, ತರಬೇತಿಗೆ ದುಡ್ಡು ಎತ್ತಿಟ್ಟಿರಬೇಕು, ಅದೂ ಉಳಿತಾಯ ಆಗೋ ಹಣದಿಂದಲೇ. ಬೇರೆ ಏನು ಮಾಡ್ಬಹುದು ಅಂತ ಅಲ್ಲಿರೋರನ್ನೇ ಕೇಳ್ಬೇಕು.

ಕೇಳಿದ್ರೆ ಅವರು ಹೇಳ್ತಾರೆ ಕೂಡ. 1976ರಲ್ಲಿ ಬ್ರಿಟನ್ನಲ್ಲಿ ಯುದ್ಧವಿಮಾನದ ಭಾಗಗಳನ್ನೂ ಮಾಡ್ತಿದ್ದ ಲೂಕಸ್ ಏರೋಸ್ಪೇಸ್ ಕಂಪನಿಯ ಕೆಲಸಗಾರರು ಕೆಲಸ ಹೋಗೋ ಭಯದಲ್ಲಿ ಕೈ ಕಟ್ಟಿ ಕೂರದೆ ತಾವೇ ಒಂದು ಪ್ಲಾನ್ ಬರೆದ್ರು, ಯುದ್ಧದ ಸಾಮಾನಿನ ಬದಲು ಮಾಡಬಹುದಾದ ಸುಮಾರು 150 ವಸ್ತುಗಳ ಪಟ್ಟಿ, ಡಯಾಲಿಸಿಸ್ ಮಷೀನು, ಕಮ್ಮಿ ಕರೆಂಟಲ್ಲಿ ಮನೆ ಬೆಚ್ಚಗಿಡೋ ಹೀಟ್ ಪಂಪು, ಗಾಳಿಯಂತ್ರ, ರೋಡಲ್ಲೂ ಹಳಿ ಮೇಲೂ ಓಡೋ ಗಾಡಿ. ಇವತ್ತು ಎಲ್ಲ ದೇಶಗಳೂ ಹೀಟ್ ಪಂಪ್ ಅಂತ ಬಡ್ಕೋತಿವೆ, ಅವರು ಆಗಲೇ ಹೇಳಿದ್ರು. ಮ್ಯಾನೇಜ್‌ಮೆಂಟ್ ಒಪ್ಪಲಿಲ್ಲ, ಸರ್ಕಾರನೂ ಒತ್ತಾಯ ಮಾಡ್ಲಿಲ್ಲ. ಆ ಪ್ಲಾನಿನ ಮುಂಚೂಣಿಯಲ್ಲಿದ್ದ ಮೈಕ್ ಕೂಲಿ ಅನ್ನೋರನ್ನ 1981ರಲ್ಲಿ ಕೆಲಸದಿಂದ ತೆಗೆದ್ರು. ನನಗೆ ತುಂಬಾ ಬೇಜಾರಾಗೋ ಕಥೆ ಇದು.

ಗೆಳೆಯ ಕೊನೆಗೆ ಹೇಳಿದ್ದು, ಸರ್ಕಾರದ ದುಡ್ಡಾದ್ರೂ ಉಳೀತಲ್ಲ ಅಂತ. ಅದಕ್ಕೆ ಬ್ಯಾರೋದಲ್ಲೇ ಉತ್ತರ ಇದೆ. 1997ರಲ್ಲಿ ಅದೇ ಯಾರ್ಡಿಗೆ ಆಸ್ಟ್ಯೂಟ್ ಸಬ್‌ಮರೀನ್‌ಗಳ ಆರ್ಡರ್ ಬಂತು. ಅಷ್ಟೊತ್ತಿಗೆ ಡಿಸೈನ್ ಗೊತ್ತಿದ್ದ ಅನುಭವಿಗಳು ಎಷ್ಟೋ ಜನ ಹೊರಟುಹೋಗಿದ್ರು, ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು, ಖರ್ಚು ಏರಿತು, ಕಡೆಗೆ ಅಮೆರಿಕದಲ್ಲಿ ಸಬ್‌ಮರೀನ್ ಕಟ್ಟೋ ಎಲೆಕ್ಟ್ರಿಕ್ ಬೋಟ್ ಕಂಪನಿಯ ಎಂಜಿನಿಯರ್‌ಗಳನ್ನ ಸಹಾಯಕ್ಕೆ ಕರೆಸ್ಬೇಕಾಯ್ತು. ಮೊದಲನೇದು ನೌಕಾಪಡೆ ಸೇರಿದ್ದು 2010ರಲ್ಲಿ.